ಚೀಟಿಯಲ್ಲಿ ಅಂಕಿ ಉಳಿದು ಕನ್ನಡ ಮಾಯವಾದರೆ ಫಾಂಟನ್ನು ಬೈಯಬೇಡಿ

ಸಂಪಾದಕರಿಗೆ,

ಮಾನ್ಯರೇ,

ತೂಕದ ಚೀಟಿಯಲ್ಲಿ ಕಿಲೋ ಇದೆ, ದರ ಇದೆ, ಪಿನ್‌ಕೋಡ್ ಕೂಡ ಇದೆ. ಬೆಳೆಗಾರರ ಹೆಸರು, ಊರು, ಅಡಿಕೆಯ ನಮೂನೆ ಇರಬೇಕಾದಲ್ಲಿ ಬರೀ ಬಿಳಿ ಕಾಗದ. ಘಟ್ಟದ ಮೇಲಿನ ವಖಾರಿಯಲ್ಲಾಗಲಿ, ಘಟ್ಟದ ಕೆಳಗೆ ಮೀನಿನ ಲೆಕ್ಕ ಇಡುವಲ್ಲಾಗಲಿ, ಇಂಥ ಚೀಟಿ ಹಿಡಿದು ಕೇಳಿದವರಿಗೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: “ಈ ಮಶೀನಿಗೆ ಕನ್ನಡ ಬರೂದಿಲ್ಲ, ಇಂಗ್ಲಿಷಲ್ಲೇ ಹೆಸರು ಹಾಕ್ತೇವೆ.” ಅಲ್ಲಿಗೆ ಹೆಗಡೆಯವರೂ ನಾಯ್ಕರೂ ಇಂಗ್ಲಿಷ್ ಕಾಗುಣಿತಕ್ಕೆ ಇಳಿಯುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ತಪ್ಪು ಕನ್ನಡದ್ದೂ ಅಲ್ಲ, ಪ್ರಿಂಟರಿನದೂ ಅಲ್ಲದೆ, ಪ್ರೋಗ್ರಾಂ ಕಟ್ಟುವಾಗ ಬಿಟ್ಟುಹೋದ ಒಂದೇ ಒಂದು ಕಂಪೈಲರ್ ಫ್ಲ್ಯಾಗ್‌ನದು ಆಗಿರಬಹುದು. ಕಂಪೈಲರ್ ಎಂದರೆ ಬರೆದ ಕೋಡನ್ನು ಯಂತ್ರದ ಆದೇಶಗಳಾಗಿ ಬದಲಿಸುವ ತಂತ್ರಾಂಶ, ಫ್ಲ್ಯಾಗ್ ಎಂದರೆ ಅದಕ್ಕೆ ಕೊಡುವ ಸೂಚನೆ. ಆ ತಪ್ಪನ್ನು ಹೇಗೆ ಹಿಡಿಯುವುದು ಎಂಬುದನ್ನು ಇಂಥ ಪ್ರೋಗ್ರಾಂ ಬರೆಯುವ, ನೋಡಿಕೊಳ್ಳುವ ಹುಡುಗ ಹುಡುಗಿಯರಿಗಾಗಿ ಮತ್ತು ದುಡ್ಡು ಕೊಟ್ಟು ಬರೆಸುವವರಿಗಾಗಿ ಬರೆಯುತ್ತಿದ್ದೇವೆ. ಆಜ್ಞೆಗಳನ್ನು ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ, ಟೈಪ್ ಮಾಡುವಾಗ ರೋಮನ್ ಅಕ್ಷರದಲ್ಲೇ ಮಾಡಬೇಕು.

ಮೊದಲು ಚೀಟಿಯನ್ನೇ ಸರಿಯಾಗಿ ನೋಡಬೇಕು. ಕನ್ನಡ ಕೆಡುವುದರಲ್ಲೂ ಬಗೆಗಳಿವೆ, ಒಂದೊಂದು ಬಗೆಯೂ ಒಂದೊಂದು ಕಡೆಗೆ ಬೆರಳು ತೋರಿಸುತ್ತದೆ. ಅಕ್ಷರದ ಜಾಗದಲ್ಲಿ ಖಾಲಿ ಚೌಕ ಬಂದಿದ್ದರೆ ಫಾಂಟ್ ಇಲ್ಲ. ‘ಬೆಟ್ಟೆ’ ಎಂಬ ಅಡಿಕೆಯ ನಮೂನೆಯ ಹೆಸರು ‘ಬೆಟ್‌ಟೆ’ ಎಂದು ಒತ್ತು ಬಿಡಿಸಿಕೊಂಡು ಬಂದಿದ್ದರೆ ಫಾಂಟ್ ಇದೆ, ಅಕ್ಷರ ಜೋಡಿಸುವ ಕೆಲಸ ನಡೆದಿಲ್ಲ. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂದಿದ್ದರೆ ನಡುವೆ ಯಾರೋ ಪಠ್ಯವನ್ನು ಕನ್ನಡವೇ ಇಲ್ಲದ ಸಂಕೇತಕ್ಕೆ ಬದಲಿಸಿದ್ದಾರೆ. ಸಾಲಿನುದ್ದಕ್ಕೂ ತಲೆಯ ಮೇಲೆ ಗೀರಿರುವ ರೋಮನ್ ‘ಎ’, ಅದರ ಪಕ್ಕ ಮೇಲಕ್ಕೇರಿ ಕೂತ ಪುಟಾಣಿ 2 ಇಲ್ಲವೆ 3 ಕಂಡರೆ, ಯೂನಿಕೋಡ್ ಪಠ್ಯವನ್ನು ಯುರೋಪಿನ ಹಳೆಯ ಸಂಕೇತವೆಂದು ತಿಳಿದು ಓದಿದ್ದಾರೆ. ಈ ನಾಲ್ಕೂ ನಮ್ಮ ಪತ್ರದ ವಿಷಯವಲ್ಲ. ಇವ್ಯಾವುವೂ ಅಲ್ಲದೆ ಅಂಕಿ, ಇಂಗ್ಲಿಷ್ ಅಕ್ಷರ, ಪದಗಳ ನಡುವಿನ ಜಾಗ ಎಲ್ಲ ಇದ್ದಲ್ಲೇ ಇದ್ದು ಕನ್ನಡ ಮಾತ್ರ ಆರಿಸಿ ಎಸೆದಂತೆ ಹೋಗಿದ್ದರೆ, ಅದು ನಮ್ಮ ಗಿರಾಕಿ.

ಪ್ರಿಂಟರ್ ಮೇಲೆ ಅನುಮಾನವಿದ್ದರೆ ಅದನ್ನು ಬೇಗ ಪಕ್ಕಕ್ಕಿಡಬಹುದು. ಚೀಟಿ ಮುದ್ರಿಸುವ ಅಗ್ಗದ ಥರ್ಮಲ್ ಪ್ರಿಂಟರ್‌ಗಳ ಒಳಗೆ ಸಾಮಾನ್ಯವಾಗಿ ಕನ್ನಡ ಇರುವುದೇ ಇಲ್ಲ. ಪ್ರೋಗ್ರಾಂ ಅಕ್ಷರಗಳನ್ನು ಚಿತ್ರವಾಗಿ ಬಿಡಿಸಿ ಕಳಿಸುತ್ತದೆ, 58 ಮಿಲಿಮೀಟರ್ ಕಾಗದಕ್ಕೆ ಸಾಮಾನ್ಯವಾಗಿ 384 ಚುಕ್ಕಿ ಅಗಲ, 80 ಮಿಲಿಮೀಟರಿಗೆ 576. ಚಿತ್ರದಲ್ಲೇ ಹೆಸರಿಲ್ಲದಿದ್ದರೆ ಪ್ರಿಂಟರ್ ಎಲ್ಲಿಂದ ತಂದೀತು?

ಈಗ ಒಂದು ಮಾದರಿ ಸಾಲು ತೆಗೆದುಕೊಳ್ಳೋಣ: ‘ಶಿರಸಿ 581401’. ಯೂನಿಕೋಡಿನ ಯುಟಿಎಫ್-8 ಬರಹದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಇಲ್ಲಿ ಗುಣಿತದ ಚಿಹ್ನೆಯನ್ನೂ ಪ್ರತ್ಯೇಕ ಎಣಿಸಬೇಕು: ಶ, ಇ-ಕಾರ, ರ, ಸ, ಇ-ಕಾರ, ಒಟ್ಟು ಐದು. ಐದು ಮೂರಲೆ ಹದಿನೈದು ಬೈಟ್, ಜಾಗಕ್ಕೆ ಒಂದು, ಅಂಕಿಗಳಿಗೆ ಆರು, ಅಲ್ಲಿಗೆ 22. ಸಾಲು ಮುಗಿಸುವ ಗುರುತು ಹಾಕದೆ ಇದನ್ನು ‘ಪ್ರಿಂಟ್ಎಫ್’ ಮೂಲಕ ಪ್ರೋಗ್ರಾಮಿಗೆ ಕೊಟ್ಟು, ಹೊರಬಂದದ್ದನ್ನು ‘ಡಬ್ಲ್ಯುಸಿ -ಸಿ’ ಆಜ್ಞೆಯಿಂದ ಎಣಿಸಿ. 22 ಬಂದರೆ ಪಠ್ಯ ಕೆಟ್ಟಿಲ್ಲ, ಮುಂದಿನ ಹಂತದಲ್ಲಿ ಹುಡುಕಬೇಕು. 7 ಬಂದರೆ ಹದಿನೈದು ಬೈಟ್ ಪ್ರೋಗ್ರಾಮಿನ ಒಳಗೇ ಸತ್ತಿವೆ. ಫಾಂಟು, ಪ್ರಿಂಟರು, ಪರದೆ ಯಾವುದನ್ನೂ ಮುಟ್ಟದೆ ಒಂದು ನಿಮಿಷದಲ್ಲಿ ಇಷ್ಟು ಗೊತ್ತಾಗುತ್ತದೆ. ಆದರೂ ಮೊದಲ ಕೆಲಸವಾಗಿ ಹೊಸ ಫಾಂಟ್ ಹಾಕುವ ಅಭ್ಯಾಸ ಮಾತ್ರ ಹೋಗುತ್ತಿಲ್ಲ.

ಹದಿನೈದು ಏಕೆ ಸತ್ತವು? ‘ಶ’ ಅಕ್ಷರದ ಮೂರು ಬೈಟ್‌ಗಳ ಬೆಲೆ 224, 178, 182. ಕನ್ನಡದ ಯಾವ ಅಕ್ಷರವಾದರೂ ಮೊದಲ ಬೈಟ್ 224, ಎರಡನೆಯದು 178 ಇಲ್ಲವೆ 179, ಮೂರನೆಯದು 128ರಿಂದ 191ರೊಳಗೆ. ಎಲ್ಲವೂ 127ಕ್ಕಿಂತ ದೊಡ್ಡವು. ಸಿ ಭಾಷೆಯಲ್ಲಿ ‘ಚಾರ್’ ಎಂಬುದು ಒಂದು ಬೈಟಿನ ಜಾಗ. ಅದರಲ್ಲಿ 0ಯಿಂದ 255ರವರೆಗೆ ಎಣಿಸಬೇಕೋ, ಋಣ 128ರಿಂದ ಧನ 127ರವರೆಗೆ ಎಣಿಸಬೇಕೋ ಎನ್ನುವುದನ್ನು ಭಾಷೆಯ ನಿಯಮವೇ ಕಂಪೈಲರಿಗೆ ಬಿಟ್ಟುಕೊಟ್ಟಿದೆ. ಋಣ ಇರುವ ಎಣಿಕೆಯಲ್ಲಿ 224 ಎಂದರೆ –32, 178 ಎಂದರೆ –78, 182 ಎಂದರೆ –74. ಈಗ ಪ್ರೋಗ್ರಾಮಿನಲ್ಲಿ ಇಂಥದೊಂದು ಸಾಲು ಇದೆ ಎಂದುಕೊಳ್ಳಿ: ‘ಸಿ’ ಎಂಬ ಚಾರ್ 32ಕ್ಕಿಂತ ಚಿಕ್ಕದಿದ್ದರೆ ಬಿಟ್ಟು ಮುಂದೆ ಹೋಗು.

ಸಾಲು ಬರೆದವರದೂ ಮೂರ್ಖತನವಲ್ಲ. ತೂಕದ ಯಂತ್ರದ ಇಂಡಿಕೇಟರಿನಿಂದ ಸೀರಿಯಲ್ ತಂತಿಯಲ್ಲಿ ಬರುವ ಸಂದೇಶದ ಹಿಂದೆ ಮುಂದೆ 2, 3, 13, 10 ಇಂಥ ಬೆಲೆಯ ನಿಯಂತ್ರಣ ಸಂಕೇತಗಳು ಸೇರಿಕೊಂಡಿರುತ್ತವೆ. ಅವನ್ನು ಉದುರಿಸಿ ಅಂಕಿಯನ್ನಷ್ಟೇ ಉಳಿಸಿಕೊಳ್ಳಲು 32ರ ಜರಡಿ ಸರಿಯಾದದ್ದೇ. ಎಡವಟ್ಟಾಗುವುದು ಅದೇ ಜರಡಿಯಲ್ಲಿ ಹೆಸರನ್ನೂ ಸೋಸಿದಾಗ. ಋಣ ಎಣಿಕೆಯಲ್ಲಿ ಕನ್ನಡದ ಪ್ರತಿ ಬೈಟೂ ಸೊನ್ನೆಗಿಂತ ಕೆಳಗಿದೆ, ಹಾಗಾಗಿ 32ಕ್ಕಿಂತಲೂ ಕೆಳಗಿದೆ, ಹಾಗಾಗಿ ನಿಯಂತ್ರಣ ಸಂಕೇತವೆಂದು ಎಸೆಯಲ್ಪಡುತ್ತದೆ. ಪದಗಳ ನಡುವಿನ ಜಾಗದ ಬೆಲೆ ಸರಿಯಾಗಿ 32, ಹಾಗಾಗಿ ಉಳಿಯುತ್ತದೆ. ಚೀಟಿಯಲ್ಲಿ ಕಂಡ ಲಕ್ಷಣ ಚಾಚೂ ತಪ್ಪದೆ ಹೊಂದಿತು.

ಇನ್ನು, ಅದೇ ಪ್ರೋಗ್ರಾಂ ಮೊದಲು ಸರಿಯಾಗಿತ್ತಲ್ಲ ಎಂಬ ಪ್ರಶ್ನೆ. ಇಂಥ ಕೆಲಸಕ್ಕೆ ಮೊದಲು ಹಾಕುವುದು ರಾಸ್ಪ್‌ಬೆರಿ ಪೈ ತರಹದ ಪುಟ್ಟ ಬೋರ್ಡ್, ಅದರದು ಆರ್ಮ್ ಪ್ರೊಸೆಸರ್. ಲಿನಕ್ಸ್‌ನಲ್ಲಿ ಆರ್ಮ್‌ಗೆ ಜಿಸಿಸಿ ಕಂಪೈಲರ್ ಚಾರ್ ಅನ್ನು ಧನವಾಗಿಯೇ ಎಣಿಸುತ್ತದೆ. ಇಂಟೆಲ್, ಎಎಂಡಿ ಕಂಪ್ಯೂಟರಿನಲ್ಲಿ ಅದೇ ಜಿಸಿಸಿ ಋಣ ಸೇರಿಸಿ ಎಣಿಸುತ್ತದೆ. ಕಾರಣ ಹಳೆಯದು: ಸಿ ಭಾಷೆ ಬೆಳೆದ ಪಿಡಿಪಿ-11 ಯಂತ್ರ ಬೈಟನ್ನು ರಿಜಿಸ್ಟರಿಗೆ ತರುವಾಗ ಚಿಹ್ನೆಯನ್ನೂ ವಿಸ್ತರಿಸುತ್ತಿತ್ತು. ಆರಂಭದ ಆರ್ಮ್‌ಗಳಲ್ಲಿ ಚಿಹ್ನೆಸಮೇತ ಬೈಟ್ ತರುವ ಆದೇಶವೇ ಇರಲಿಲ್ಲ, ಧನವಾಗಿ ಎಣಿಸುವುದು ಅಲ್ಲಿ ಅಗ್ಗವಾಗಿತ್ತು. ಹೀಗಾಗಿ ಪೈ ಮೇಲೆ ಕನ್ನಡ ಸುರಕ್ಷಿತ, ಮೇಜಿನ ಕಂಪ್ಯೂಟರಿಗೆ ಬಂದೊಡನೆ ಮಾಯ. ಇದಕ್ಕೆ ಮದ್ದಾಗಿ ಜಿಸಿಸಿಯಲ್ಲಿ ‘-ಎಫ್ಅನ್‌ಸೈನ್ಡ್-ಚಾರ್’ ಎಂಬ ಫ್ಲ್ಯಾಗ್ ಇದೆ. ಅದನ್ನು ಕೊಟ್ಟರೆ ಯಾವ ಯಂತ್ರದಲ್ಲೂ ಚಾರ್ ಧನವೇ. ಲಿನಕ್ಸ್ ಕರ್ನಲ್ ಸಹ 2023ರಲ್ಲಿ ಬಂದ 6.2ನೇ ಆವೃತ್ತಿಯಿಂದ ಎಲ್ಲ ಯಂತ್ರಗಳಿಗೂ ಇದೇ ಫ್ಲ್ಯಾಗ್ ಹಾಕಿಕೊಂಡೇ ಕಂಪೈಲ್ ಆಗುತ್ತಿದೆ.

ಫ್ಲ್ಯಾಗ್ ಹಾಕಿದರೆ ಮುಗಿಯಿತಲ್ಲ ಎನ್ನಬೇಡಿ. ಒಗಟು ಶುರುವಾಗುವುದೇ ಇಲ್ಲಿಂದ. ಬರೆದವರ ಲ್ಯಾಪ್‌ಟಾಪ್ ಕೂಡ ಇಂಟೆಲ್, ಅಂಗಡಿಯ ಕಂಪ್ಯೂಟರ್ ಕೂಡ ಇಂಟೆಲ್. ಮೂಲ ಕೋಡ್ ಒಂದೇ, ಜಿಸಿಸಿ ಆವೃತ್ತಿ ಒಂದೇ, ಮೇಕ್‌ಫೈಲ್ (ಪ್ರೋಗ್ರಾಂ ಕಟ್ಟಿಸುವ ‘ಮೇಕ್’ ಎಂಬ ತಂತ್ರಾಂಶಕ್ಕೆ ಬರೆದ ಸೂಚನೆಗಳ ಫೈಲ್) ಒಂದೇ, ಅದರೊಳಗೆ ಫ್ಲ್ಯಾಗ್ ಇರುವುದು ಕಣ್ಣಿಗೆ ಕಾಣುತ್ತದೆ. ಲ್ಯಾಪ್‌ಟಾಪಿನಲ್ಲಿ 22, ಅಂಗಡಿಯಲ್ಲಿ 7.

ಮೇಕ್‌ಫೈಲಿನಲ್ಲಿ ಬರೆದಿರುವುದು ಹೀಗೆ: ‘ಸಿಫ್ಲ್ಯಾಗ್ಸ್ += -ಎಫ್ಅನ್‌ಸೈನ್ಡ್-ಚಾರ್’. ಸಿಫ್ಲ್ಯಾಗ್ಸ್ ಎಂದರೆ ಕಂಪೈಲರಿಗೆ ಹೋಗುವ ಫ್ಲ್ಯಾಗ್‌ಗಳ ಪಟ್ಟಿ. ಅಂಗಡಿಯಲ್ಲಿ ಅಳವಡಿಸುವ ಸ್ಕ್ರಿಪ್ಟ್ ಓಡಿಸುವುದು ‘ಮೇಕ್ ಸಿಫ್ಲ್ಯಾಗ್ಸ್=-ಓ2’, ವೇಗ ಹೆಚ್ಚಲಿ ಎಂದು. ಮೇಕ್‌ನ ನಿಯಮ ಏನೆಂದರೆ, ಆಜ್ಞೆಯ ಸಾಲಿನಲ್ಲಿ ಮೇಕ್ ಪದದ ನಂತರ ಕೊಟ್ಟ ಬೆಲೆಯೇ ಕೊನೆಯ ಮಾತು. ಮೇಕ್‌ಫೈಲಿನಲ್ಲಿ ಅದೇ ಹೆಸರಿಗೆ ಸಮಚಿಹ್ನೆಯಿಂದ ಬರೆದಿದ್ದರೂ, ಕೂಡಿಸುವ ಚಿಹ್ನೆಯಿಂದ ಸೇರಿಸಿದ್ದರೂ ಲೆಕ್ಕಕ್ಕಿಲ್ಲ, ದೂರೂ ಇಲ್ಲ, ಎಚ್ಚರಿಕೆಯೂ ಇಲ್ಲ. ಅದೇ ಪದಗಳನ್ನು ಹಿಂದು ಮುಂದಾಗಿ ‘ಸಿಫ್ಲ್ಯಾಗ್ಸ್=-ಓ2 ಮೇಕ್’ ಎಂದು ಬರೆದರೆ ಅದು ಪರಿಸರದ ಚರ (ಎನ್ವಿರಾನ್ಮೆಂಟ್ ವೇರಿಯಬಲ್) ಆಗುತ್ತದೆ, ಆಗ ಮೇಕ್‌ಫೈಲಿನ ಕೂಡಿಕೆ ಕೆಲಸ ಮಾಡುತ್ತದೆ, ಎರಡೂ ಫ್ಲ್ಯಾಗ್ ಸಿಗುತ್ತವೆ. ಎರಡು ಪದ ಸ್ಥಳ ಬದಲಿಸಿದ್ದಕ್ಕೆ ಊರಿನ ಹೆಸರೇ ಹೋಯಿತು. ಜೊತೆಗೆ, ಆಜ್ಞೆಯ ಸಾಲಿನ ಬೆಲೆ ಒಳಗಿನ ಫೋಲ್ಡರುಗಳಲ್ಲಿ ಓಡುವ ಮರಿ ಮೇಕ್‌ಗಳಿಗೂ ಇಳಿದುಹೋಗುತ್ತದೆ, ಆದ್ದರಿಂದ ಒಂದು ಕಡೆಯ ತಪ್ಪು ಎಲ್ಲ ಕಡೆಗೂ ಹಬ್ಬುತ್ತದೆ.

ಲ್ಯಾಪ್‌ಟಾಪಿನಲ್ಲಿ ಅದೇ ಸ್ಕ್ರಿಪ್ಟ್ ಓಡಿಸಿದರೂ ಸರಿಯಾಗಿಯೇ ಇರುತ್ತದೆ! ಏಕೆಂದರೆ ಮೇಕ್ ನೋಡುವುದು ಕಡತಗಳ ಸಮಯವನ್ನು, ಫ್ಲ್ಯಾಗನ್ನಲ್ಲ. ಮೂಲ ಫೈಲಿಗಿಂತ ಆಬ್ಜೆಕ್ಟ್ ಫೈಲ್ (ಅದನ್ನು ಕಂಪೈಲ್ ಮಾಡಿದಾಗ ಹುಟ್ಟುವ ಫೈಲ್) ಹೊಸದಾಗಿದ್ದರೆ ಅದನ್ನು ಮತ್ತೆ ಕಂಪೈಲ್ ಮಾಡುವುದೇ ಇಲ್ಲ. ಹಿಂದೆಂದೋ ಸರಿಯಾದ ಫ್ಲ್ಯಾಗಿನಲ್ಲಿ ಹುಟ್ಟಿದ ಆಬ್ಜೆಕ್ಟ್ ಫೈಲುಗಳು ಅಲ್ಲಿ ಹಾಗೇ ಕೂತಿವೆ. ಅಂಗಡಿಯ ಕಂಪ್ಯೂಟರಿನಲ್ಲಿ ಹಳೆಯದು ಏನೂ ಇಲ್ಲ, ಎಲ್ಲ ಹೊಸದಾಗಿ, ಫ್ಲ್ಯಾಗಿಲ್ಲದೆ ಹುಟ್ಟಿದವು. ಇದರ ತಿರುವು ಮುರುವೂ ಆಗುತ್ತದೆ: ಮೇಕ್‌ಫೈಲಿಗೆ ಫ್ಲ್ಯಾಗ್ ಸೇರಿಸಿ ಮೇಕ್ ಹೇಳಿದರೆ “ಮಾಡಲು ಏನೂ ಇಲ್ಲ” ಎನ್ನುತ್ತದೆ, ನಾವು ಫ್ಲ್ಯಾಗ್‌ನಿಂದ ಪ್ರಯೋಜನವಿಲ್ಲ ಎಂದುಕೊಂಡು ಅದನ್ನು ತೆಗೆದುಹಾಕುತ್ತೇವೆ. ಅರ್ಧ ಫೈಲ್ ಧನ, ಅರ್ಧ ಫೈಲ್ ಋಣ ಆಗಿದ್ದರೂ ಅವನ್ನೆಲ್ಲ ಬೆಸೆದು ಒಂದು ಪ್ರೋಗ್ರಾಂ ಮಾಡುವ ಲಿಂಕರ್ ಬಾಯಿ ಬಿಡುವುದಿಲ್ಲ. ಎರಡರಲ್ಲೂ ಚಾರ್ ಒಂದೇ ಬೈಟ್, ಅಳತೆಯಲ್ಲಿ ವ್ಯತ್ಯಾಸವಿಲ್ಲ, ಅದಕ್ಕೆ ಕಾಣುವಂಥದ್ದೇನೂ ಇಲ್ಲ. ಕಂಪೈಲರಿನ ಎಚ್ಚರಿಕೆಗಳನ್ನೆಲ್ಲ ತೆರೆದಿಟ್ಟರೂ 32ಕ್ಕಿಂತ ಚಿಕ್ಕದೇ ಎಂಬ ಹೋಲಿಕೆ ಎರಡೂ ಎಣಿಕೆಯಲ್ಲಿ ನ್ಯಾಯವಾದದ್ದೇ, ಜಿಸಿಸಿ ಸುಮ್ಮನಿರುತ್ತದೆ. ಅದೇ 128ಕ್ಕಿಂತ ದೊಡ್ಡದೇ ಎಂದು ಕೇಳಿದ್ದರೆ ‘-ಡಬ್ಲ್ಯು ಎಕ್ಸ್‌ಟ್ರಾ’ ಇದ್ದಾಗ “ಈ ಹೋಲಿಕೆ ಯಾವಾಗಲೂ ಸುಳ್ಳು” ಎಂದಾದರೂ ಹೇಳುತ್ತಿತ್ತು.

ಆದ್ದರಿಂದ ಹುಡುಕುವವರು ಮೊದಲು ಮಾಡಬೇಕಾದದ್ದು ಎರಡೂ ಕಡೆ ಶುದ್ಧ ಬಿಲ್ಡ್. ಹೊಸ ಖಾಲಿ ಫೋಲ್ಡರಿಗೆ ಮೂಲ ಕೋಡನ್ನಷ್ಟೇ ತಂದು ಕಟ್ಟಬೇಕು, ಅಥವಾ ‘ಮೇಕ್ -ಬಿ’ ಕೊಡಬೇಕು, ಬಿ ದೊಡ್ಡಕ್ಷರ. ಲ್ಯಾಪ್‌ಟಾಪಿನಲ್ಲೂ 7 ಬಂತೆಂದರೆ ಸಂತೋಷಪಡಿ, ತಪ್ಪು ಮನೆಗೇ ಬಂತು, ಅಂಗಡಿಗೆ ಓಡಾಡಬೇಕಿಲ್ಲ. ಹಳೆಯ ಫೋಲ್ಡರನ್ನು ಮಾತ್ರ ಅಳಿಸಬೇಡಿ. ಸರಿಯಾದ ಆಬ್ಜೆಕ್ಟ್ ಫೈಲುಗಳು ಇರುವ ಏಕೈಕ ಜಾಗ ಅದು, ಮುಂದೆ ಬೇಕಾಗುತ್ತದೆ.

ಎರಡನೆಯದಾಗಿ, ಬಿಲ್ಡ್ ಮಾಡುವಾಗ ಪರದೆಯಲ್ಲಿ ಹರಿಯುವ ಸಾಲುಗಳನ್ನು ಫೈಲಿಗೆ ಇಳಿಸಿಕೊಳ್ಳಬೇಕು. ‘ಸಿಸಿ ಮುಖ್ಯ.ಸಿ’ ಎಂದಷ್ಟೇ ಚುಟುಕಾಗಿ ತೋರಿಸುವ ಮೇಕ್‌ಫೈಲಾದರೆ ‘ವಿ=1’ ಕೊಟ್ಟು ನೋಡಿ, ಮೇಕ್‌ಫೈಲನ್ನು ತಾನೇ ಬರೆದುಕೊಡುವ ಸಿಮೇಕ್ ಆಗಿದ್ದರೆ ‘ವರ್ಬೋಸ್=1’. ಪೂರ್ತಿ ಸಾಲು ಸಿಕ್ಕ ಮೇಲೆ ಎರಡು ಲಾಗ್‌ಗಳನ್ನು ‘ಡಿಫ್’ ಮಾಡಿ. ಸಾಲನ್ನು ಬಲತುದಿಯಿಂದ ಓದುವ ರೂಢಿ ಒಳ್ಳೆಯದು: ಧನ ಎನ್ನುವ ಫ್ಲ್ಯಾಗ್, ಋಣ ಎನ್ನುವ ಫ್ಲ್ಯಾಗ್ ಎರಡೂ ಇದ್ದರೆ ಕೊನೆಗೆ ಬಂದದ್ದೇ ಗೆಲ್ಲುತ್ತದೆ, ಓ0, ಓ2 ವಿಷಯದಲ್ಲೂ ಹಾಗೇ. ಮೇಕ್‌ಫೈಲಿನೊಳಗೆ ‘ಇನ್ಫೋ’ ಮತ್ತು ‘ಒರಿಜಿನ್’ ಎಂಬ ಫಂಕ್ಷನ್‌ಗಳನ್ನು ಜೋಡಿಸಿ ಸಿಫ್ಲ್ಯಾಗ್ಸ್ ಎಲ್ಲಿಂದ ಬಂತೆಂದು ಕೇಳಿದರೆ ಅದು ‘ಫೈಲ್’ ಎಂದೋ ‘ಕಮಾಂಡ್ ಲೈನ್’ ಎಂದೋ ಬಾಯಿಬಿಡುತ್ತದೆ. ಎರಡನೆಯ ಉತ್ತರ ಬಂದರೆ ಕಳ್ಳ ಸಿಕ್ಕಿಬಿದ್ದ.

ಲಾಗ್ ಇಲ್ಲ, ಕಟ್ಟಿದವರು ಊರಲ್ಲಿಲ್ಲ, ಕೈಯಲ್ಲಿರುವುದು ಬರೀ ಬೈನರಿ (ಕಟ್ಟಿ ಮುಗಿದ ಪ್ರೋಗ್ರಾಂ) ಎಂದಾಗಲೂ ದಾರಿ ಇದೆ. ‘-ಜಿ’ ಹಾಕಿ ಕಟ್ಟಿದ್ದರೆ ಡೀಬಗ್ ಮಾಹಿತಿಯನ್ನು ‘ರೀಡೆಲ್ಫ್’ನಿಂದ ತೆರೆಯಿರಿ. ಪ್ರತಿ ಫೈಲಿನ ‘ಪ್ರೊಡ್ಯೂಸರ್’ ಸಾಲಿನಲ್ಲಿ ಕಂಪೈಲರ್ ಆವೃತ್ತಿಯ ಜೊತೆ ಕೋಡಿನ ಮೇಲೆ ಪರಿಣಾಮ ಬೀರುವ ಫ್ಲ್ಯಾಗ್‌ಗಳನ್ನು ಜಿಸಿಸಿ ಬರೆದಿಟ್ಟಿರುತ್ತದೆ. ಅಲ್ಲೇ ‘ಚಾರ್’ ಎಂಬ ಮೂಲ ಬಗೆಯ ಮುಂದೆ ‘ಎನ್‌ಕೋಡಿಂಗ್’ 6 ಎಂದಿದ್ದರೆ ಆ ಫೈಲಿನಲ್ಲಿ ಋಣ ಎಣಿಕೆ, 8 ಎಂದಿದ್ದರೆ ಧನ. ಡೀಬಗ್ ಮಾಹಿತಿಯೂ ಇಲ್ಲದಿದ್ದರೆ ‘ಆಬ್ಜ್‌ಡಂಪ್ -ಡಿ’ ಮಾಡಿ, 32ರ ಹೋಲಿಕೆಯ ಹತ್ತಿರದ ನೆಗೆತದ ಆದೇಶ ನೋಡಿ. ಹೋಲಿಕೆ 31ರ ಜೊತೆ ನಡೆದಂತೆ ಕಾಣುತ್ತದೆ, ಗಾಬರಿ ಬೇಡ. ‘ಜೆಎಲ್ಇ’ ಅಥವಾ ‘ಜೆಜಿ’ ಇದ್ದರೆ ಚಿಹ್ನೆ ನೋಡುವ ಹೋಲಿಕೆ, ‘ಜೆಬಿಇ’ ಅಥವಾ ‘ಜೆಎ’ ಇದ್ದರೆ ನೋಡದ್ದು. ಮುಂದಿನ ಸಲಕ್ಕೆ ಇಷ್ಟು ಪಾಡು ಬೇಡವೆಂದರೆ ‘-ಎಫ್‌ರೆಕಾರ್ಡ್-ಜಿಸಿಸಿ-ಸ್ವಿಚಸ್’ ಹಾಕಿ ಕಟ್ಟಿ, ಆಜ್ಞೆಯ ಸಾಲು ಬೈನರಿಯ ಒಳಗೇ ಉಳಿಯುತ್ತದೆ.

ಯಾವ ಫೈಲಿನಲ್ಲಿ ಜರಡಿ ಇದೆಯೆಂಬುದೇ ಗೊತ್ತಿಲ್ಲದ ದೊಡ್ಡ ಪ್ರೋಗ್ರಾಂ ಆದರೆ ಅರ್ಧರ್ಧ ಮಾಡುತ್ತ ಹೋಗಬೇಕು. ಸರಿಯಾದ ಫೋಲ್ಡರಿನಲ್ಲಿ 40 ಆಬ್ಜೆಕ್ಟ್ ಫೈಲ್, ಕೆಟ್ಟ ಫೋಲ್ಡರಿನಲ್ಲಿ 40. ಇಲ್ಲಿಂದ ಮೊದಲ 20, ಅಲ್ಲಿಂದ ಉಳಿದ 20 ತೆಗೆದು ಲಿಂಕ್ ಮಾಡಿ ಮಾದರಿ ಸಾಲು ಕೊಡಿ. 22 ಬಂದರೆ ಅಪರಾಧಿ ಮೊದಲ ಇಪ್ಪತ್ತರ ಹೆಸರಿನಲ್ಲಿದೆ, 7 ಬಂದರೆ ಉಳಿದ ಇಪ್ಪತ್ತರಲ್ಲಿ. ಹೀಗೆ ಹೆಚ್ಚೆಂದರೆ ಆರು ಸಲಕ್ಕೆ ಒಂದೇ ಫೈಲ್ ಉಳಿಯುತ್ತದೆ. ಎರಡೂ ಗುಂಪು ಒಂದೇ ಮೂಲ ಕೋಡ್, ಒಂದೇ ಕಂಪೈಲರ್ ಆವೃತ್ತಿಯದ್ದಾಗಿರಬೇಕು. ಪೈಯ ಆಬ್ಜೆಕ್ಟ್ ಫೈಲನ್ನು ಇಂಟೆಲ್‌ನದರ ಜೊತೆ ಬೆಸೆಯಲು ಆಗುವುದಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಎರಡು ಫೈಲ್ ಕೂಡಿ ತಪ್ಪು ಮಾಡುತ್ತಿದ್ದರೆ ಮಧ್ಯದ ಫಲಿತಾಂಶ ಹೊಂದುವುದಿಲ್ಲ, ಉದಾಹರಣೆಗೆ ಯಾವ ಅರ್ಧವನ್ನು ಬದಲಿಸಿದರೂ 7 ಬರಬಹುದು. ಆಗ ಒಂದನ್ನು ಸರಿಪಡಿಸಿ ಮತ್ತೆ ಮೊದಲಿಂದ.

ಮದ್ದು ಯಾವುದು? ನಮ್ಮ ಅಭಿಪ್ರಾಯದಲ್ಲಿ ಫ್ಲ್ಯಾಗ್ ಮದ್ದೇ ಅಲ್ಲ, ಜ್ವರ ಅಳೆಯುವ ಕಡ್ಡಿ. ಕೋಡಿನಲ್ಲಿ ಆ ಚರವನ್ನು ‘ಅನ್‌ಸೈನ್ಡ್ ಚಾರ್’ ಎಂದು ಘೋಷಿಸಿದರೆ ಯಾವ ಯಂತ್ರ, ಯಾವ ಫ್ಲ್ಯಾಗ್ ಆದರೂ ಒಂದೇ ಉತ್ತರ. ‘ಈಸ್‌ಆಲ್ಫಾ’, ‘ಟೂಅಪ್ಪರ್’ ಗುಂಪಿನ ಫಂಕ್ಷನ್‌ಗಳಿಗೆ ಕೊಡುವ ಮೊದಲೂ ಹಾಗೇ ಬದಲಿಸಿ ಕೊಡಬೇಕು, ಋಣ ಬೆಲೆ ಕೊಟ್ಟರೆ ಏನಾಗುತ್ತದೆಂದು ಭಾಷೆಯ ನಿಯಮ ಯಾವ ಭರವಸೆಯನ್ನೂ ಕೊಡುವುದಿಲ್ಲ. ಚಾರ್ ಅನ್ನೇ ಪಟ್ಟಿಯ ಸೂಚಿಯಾಗಿ ಬಳಸಿದ್ದರೆ –32ನೇ ಮನೆಗೆ ಹೋಗಿ ಇನ್ಯಾರದೋ ಮೆಮೊರಿ ಓದುತ್ತದೆ. ಇದಕ್ಕೆ ಮಾತ್ರ ‘-ಡಬ್ಲ್ಯು ಆಲ್’ ಎಚ್ಚರಿಕೆ ಕೊಡುತ್ತದೆ. ಫ್ಲ್ಯಾಗ್ ಹಾಕಿದ ಕೂಡಲೇ ಪ್ರೋಗ್ರಾಂ ನಿಲ್ಲದೆ ಓಡತೊಡಗಿತೆಂದರೆ, ‘ಗೆಟ್‌ಚಾರ್’ ಕೊಟ್ಟದ್ದನ್ನು ಇಂಟ್ ಬದಲು ಚಾರ್‌ನಲ್ಲಿ ಹಿಡಿದಿದ್ದಾರೆ. ಫೈಲ್ ಮುಗಿಯಿತೆಂಬ ಸೂಚನೆ –1, ಧನ ಎಣಿಕೆಯಲ್ಲಿ ಅದು 255 ಆಗಿಬಿಡುತ್ತದೆ, ಹೋಲಿಕೆ ಎಂದೂ ಕೂಡಿಬರುವುದಿಲ್ಲ. ಒಂದು ತೂತು ಮುಚ್ಚಲು ಹೋಗಿ ಇನ್ನೊಂದು.

ಹಾಗಿದ್ದೂ ಫ್ಲ್ಯಾಗ್ ಬೇಕೇಬೇಕು, ಸಾವಿರಾರು ಸಾಲು ಈಗಲೇ ತಿದ್ದಲಾಗದು ಎನ್ನುವವರು ಅದನ್ನು ಸಿಫ್ಲ್ಯಾಗ್ಸ್‌ನಲ್ಲಿ ಇಡಬಾರದು. ಆ ಹೆಸರು ಕಟ್ಟುವವರ ಇಷ್ಟಕ್ಕೆ ಬಿಟ್ಟದ್ದು, ಸರಿಯಾಗಿ ಕಂಪೈಲ್ ಆಗಲು ಅಗತ್ಯವಾದದ್ದನ್ನು ಅದರಲ್ಲಿ ಸೇರಿಸಬೇಡಿ ಎಂದು ಗ್ನೂ ಯೋಜನೆಯ ಕೋಡಿಂಗ್ ನಿಯಮಗಳೇ ಹೇಳುತ್ತವೆ. ಬೇರೆ ಹೆಸರಿನ ಚರದಲ್ಲಿಟ್ಟು, ಕಂಪೈಲ್ ಮಾಡುವ ಸಾಲಿನಲ್ಲಿ ಸಿಫ್ಲ್ಯಾಗ್ಸ್ ನಂತರ ಅದನ್ನು ಬರೆಯಿರಿ. ‘ಓವರ್‌ರೈಡ್’ ಪದ ಸೇರಿಸಿಯೂ ಗೆಲ್ಲಬಹುದು, ಆದರೆ ಅದು ಜಬರದಸ್ತಿ. ಇನ್ನೂ ಒಂದು ಕಾವಲು: ‘ಲಿಮಿಟ್ಸ್’ ಹೆಡರಿನ ‘ಚಾರ್_ಮಿನ್’ ಸೊನ್ನೆಗಿಂತ ಕಡಿಮೆ ಇದ್ದರೆ ‘#ಎರರ್’ ಎಂದು ಎರಡು ಮೂರು ಸಾಲು ಬರೆದಿಟ್ಟರೆ ಫ್ಲ್ಯಾಗ್ ತಪ್ಪಿದ ದಿನ ಬಿಲ್ಡೇ ನಿಲ್ಲುತ್ತದೆ. ಫ್ಲ್ಯಾಗ್ ಬದಲಾದಾಗ ಮರುಕಂಪೈಲ್ ಆಗಬೇಕೆಂದರೆ ಫ್ಲ್ಯಾಗ್‌ಗಳನ್ನೇ ಒಂದು ಪುಟ್ಟ ಫೈಲಿಗೆ ಬರೆದು, ಬದಲಾದಾಗ ಮಾತ್ರ ಅದನ್ನು ತಿದ್ದಿ, ಆಬ್ಜೆಕ್ಟ್ ಫೈಲುಗಳನ್ನು ಅದಕ್ಕೆ ಅವಲಂಬಿಸಿ. ಮೇಕ್ ಬದಲು ನಿಂಜಾ ಬಳಸುವವರಿಗೆ ಈ ಕಷ್ಟವಿಲ್ಲ, ಆಜ್ಞೆ ಬದಲಾದರೆ ಅದು ತಾನೇ ಮತ್ತೆ ಕಟ್ಟುತ್ತದೆ. ಸಿಮೇಕ್‌ನವರು ನೆನಪಿಡಬೇಕಾದದ್ದು ಬೇರೆ: ಪರಿಸರದ ಸಿಫ್ಲ್ಯಾಗ್ಸ್ ಅನ್ನು ಅದು ನೋಡುವುದು ಮೊದಲ ಸಲ ಸಜ್ಜುಗೊಳಿಸುವಾಗ ಮಾತ್ರ, ಆಮೇಲೆ ಕ್ಯಾಶ್ ಫೈಲಿನದೇ ರಾಜ್ಯಭಾರ.

ಫ್ಲ್ಯಾಗ್ ಸರಿಯಾದ ಮೇಲೂ ಒಂದು ಕೆಲಸ ಉಳಿದಿರುತ್ತದೆ, ಇದನ್ನು ಮರೆಯುವವರೇ ಹೆಚ್ಚು. ಜರಡಿ ಇದ್ದದ್ದು ಮುದ್ರಣದ ಮೊದಲೋ, ಡೇಟಾಬೇಸಿಗೆ ಬರೆಯುವ ಮೊದಲೋ? ಮುದ್ರಣದ ಮೊದಲಾದರೆ ಹಳೆಯ ಚೀಟಿ ಮತ್ತೆ ಮುದ್ರಿಸಿಕೊಟ್ಟರಾಯಿತು. ಬರೆಯುವ ಮೊದಲಾದರೆ ಆ ದಿನಗಳ ಹೆಸರುಗಳು ಎಲ್ಲೂ ಇಲ್ಲ, ಕೈಬರಹದ ಪುಸ್ತಕ ನೋಡಿ ಮತ್ತೆ ತುಂಬಬೇಕು. ಅದಕ್ಕಿಂತ ಘೋರವಾದದ್ದು, ಹೆಸರನ್ನೇ ಖಾತೆಯ ಗುರುತಾಗಿ ಬಳಸಿದ್ದರೆ ಆಗುವುದು: ಜರಡಿಯಿಂದಿಳಿದ ಮೇಲೆ ಎಲ್ಲರ ಹೆಸರೂ ಖಾಲಿ, ಖಾಲಿಗೆ ಖಾಲಿ ಸಮ, ಒಬ್ಬರ ‘ರಾಶಿ ಇಡಿ’ ಅಡಿಕೆ ಇನ್ನೊಬ್ಬರ ‘ಚಾಲಿ’ ಅಡಿಕೆಯ ಜೊತೆ ಒಂದೇ ಖಾತೆಗೆ ಜಮಾ. ಖಾಲಿ ಹೆಸರಿನ ಖಾತೆ ಎಷ್ಟು ನಮೂದು ಹೊಂದಿದೆ ಎಂದು ಒಂದು ಪ್ರಶ್ನೆ ಕೇಳಿ ನೋಡಿದರೆ ಹಾನಿಯ ಅಳತೆ ತಿಳಿಯುತ್ತದೆ. ಅದು ತಿಳಿಯುವವರೆಗೆ ಪಾವತಿ ತಡೆಹಿಡಿಯುವುದು ಲೇಸು.

ಇದೇ ಜಾತಿಯ ಇನ್ನೂ ಮೂರು ಫ್ಲ್ಯಾಗ್‌ಗಳ ಬಗ್ಗೆ ಎರಡು ಮಾತು. ‘-ಮಾರ್ಚ್=ನೇಟಿವ್’ ಎಂದರೆ ಈಗ ಕಟ್ಟುತ್ತಿರುವ ಯಂತ್ರದ ಎಲ್ಲ ಆದೇಶಗಳನ್ನೂ ಬಳಸು ಎಂದು. ಹೊಸ ಲ್ಯಾಪ್‌ಟಾಪಿನಲ್ಲಿ ಕಟ್ಟಿ ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿಗೆ ಒಯ್ದರೆ “ಇಲ್ಲೀಗಲ್ ಇನ್‌ಸ್ಟ್ರಕ್ಷನ್” ಎಂದು ಸಾಯುತ್ತದೆ. ಎವಿಎಕ್ಸ್2 ಆದೇಶಗಳು ಇಂಟೆಲ್‌ಗೆ ಬಂದದ್ದು 2013ರಲ್ಲಿ, ಆಮೇಲಿನ ಹಲವು ಪೆಂಟಿಯಂ, ಸೆಲೆರಾನ್‌ಗಳಲ್ಲೂ ಅವಿಲ್ಲ. ‘ಎನ್‌ಡೀಬಗ್’ ಅನ್ನು ಸಿಮೇಕ್‌ನ ರಿಲೀಸ್ ಬಿಲ್ಡ್ ತಾನಾಗಿ ಸೇರಿಸುತ್ತದೆ, ‘ಅಸರ್ಟ್’ ಆವರಣದೊಳಗೆ ಬರೆದದ್ದೆಲ್ಲ ಕಿತ್ತುಹೋಗುತ್ತದೆ. ಪೋರ್ಟ್ ತೆರೆಯುವ ಕರೆಯನ್ನೇ ಅದರೊಳಗೆ ಬರೆದಿದ್ದರೆ ತೂಕದ ಯಂತ್ರ ಮೂಕವಾಗುತ್ತದೆ. ‘-ಎಫ್‌ಫಾಸ್ಟ್-ಮ್ಯಾಥ್’ ಹಾಕಿದರೆ ಅಂಕಿಯಲ್ಲದ ಬೆಲೆ ಬರುವುದೇ ಇಲ್ಲವೆಂದು ಕಂಪೈಲರ್ ನಂಬುತ್ತದೆ, ಸೆನ್ಸರ್ ಕೈಕೊಟ್ಟಾಗ ಹಿಡಿಯಲು ಬರೆದ ‘ಈಸ್‌ನ್ಯಾನ್’ ಪರೀಕ್ಷೆ ಅಳಿಸಿಹೋಗುತ್ತದೆ. ಜಿಸಿಸಿ 13ಕ್ಕಿಂತ ಹಿಂದಿನವುಗಳಲ್ಲಿ ಈ ಫ್ಲ್ಯಾಗಿನಿಂದ ಕಟ್ಟಿದ ಒಂದು ಲೈಬ್ರರಿ ಸೇರಿಕೊಂಡರೂ ಇಂಟೆಲ್ ಯಂತ್ರದಲ್ಲಿ ಇಡೀ ಪ್ರೋಗ್ರಾಮಿನ ಅತಿ ಸಣ್ಣ ದಶಮಾಂಶಗಳ ಲೆಕ್ಕ ಬದಲಾಗುತ್ತಿತ್ತು.

ವೇಗ ಹೆಚ್ಚಿಸುವ ಉಪಾಯಗಳಿಲ್ಲದ ಓ0 ಇದ್ದಾಗ ಸರಿ, ಆ ಉಪಾಯಗಳಿರುವ ಓ2 ಇದ್ದಾಗ ತಪ್ಪು ಎಂದರೆ ಕಂಪೈಲರ್ ಕೆಟ್ಟಿದೆ ಎಂದು ಬರೆಯಲು ಹೊರಡುವ ಮೊದಲು ‘-ಎಫ್‌ಸ್ಯಾನಿಟೈಸ್=ಅನ್‌ಡಿಫೈನ್ಡ್,ಅಡ್ರೆಸ್’ ಹಾಕಿ ಒಮ್ಮೆ ಓಡಿಸಿ. ಬಹುಪಾಲು ಸಂದರ್ಭದಲ್ಲಿ ನಮ್ಮದೇ ಸಾಲು ಹೊರಬೀಳುತ್ತದೆ. ಯಾವ ಉಪಾಯದಿಂದ ಕೆಟ್ಟಿತೆಂದು ಹುಡುಕಲು ಓ0ಗೆ ಒಂದೊಂದೇ ಫ್ಲ್ಯಾಗ್ ಸೇರಿಸುತ್ತ ಹೋಗುವುದು ವ್ಯರ್ಥ, ಓ0ಯಲ್ಲಿ ಅವುಗಳಲ್ಲಿ ಹೆಚ್ಚಿನವು ನಿಷ್ಕ್ರಿಯ. ಓ2ನಿಂದ ಹೊರಟು ‘-ಎಫ್‌ನೋ’ ಸೇರಿಸಿ ಕಳೆಯುತ್ತ ಬರಬೇಕು. ಪಟ್ಟಿ ‘ಜಿಸಿಸಿ -ಕ್ಯೂ --ಹೆಲ್ಪ್=ಆಪ್ಟಿಮೈಸರ್ಸ್’ನಲ್ಲಿ ಸಿಗುತ್ತದೆ, ಪಕ್ಕದಲ್ಲಿ ಓ2 ಕೊಡಲು ಮರೆಯಬೇಡಿ.

ಬರೆಸುವವರಲ್ಲಿ ನಮ್ಮ ಕೋರಿಕೆ ಚಿಕ್ಕದು. ಪ್ರೋಗ್ರಾಂ ಒಪ್ಪಿಸಿಕೊಳ್ಳುವ ದಿನ ನಿಮ್ಮ ಯಂತ್ರದಲ್ಲೇ, ಖಾಲಿ ಫೋಲ್ಡರಿನಲ್ಲಿ, ನಿಮ್ಮೆದುರೇ ಕಟ್ಟಿಸಿ. ಲಾಗ್ ಫೈಲನ್ನು ಪೆನ್ ಡ್ರೈವಿನಲ್ಲಿ ಇಸಿದುಕೊಂಡು ಬೀರುವಿನಲ್ಲಿಡಿ. ಒಂದು ಚೀಟಿ ತೆಗೆಸಿ: ಒತ್ತಕ್ಷರಕ್ಕೆ ‘ಬೆಟ್ಟೆ’, ಗುಣಿತಕ್ಕೆ ‘ಕೆಂಪುಗೋಟು’, ನಿಮ್ಮ ಊರು, ಪಿನ್‌ಕೋಡ್. ಹಂಗಾಮು ಶುರುವಾಗಿ ಚೀಲಗಳು ಸಾಲುಗಟ್ಟಿದ ಮೇಲೆ ಈ ಪರೀಕ್ಷೆಗೆ ಯಾರಿಗೂ ಪುರುಸೊತ್ತಿರುವುದಿಲ್ಲ, ಮಳೆಗಾಲದಲ್ಲೇ ಮಾಡಿಸಿಕೊಳ್ಳಿ.

ಇಂತಿ,
ಶಿರಸಿ ಮತ್ತು ಕಾರವಾರದ ಕೆಲವು ತಂತ್ರಾಂಶ ಕೆಲಸಗಾರರು